ಹಲಸೂರು ಹತ್ರ ಅಸ್ಸಾಯೆ ರೋಡ್ ಇದ್ಯಲ್ಲ, ಆ ಅಸ್ಸಾಯೆ ಯುದ್ಧ ನಿಜವಾಗ್ಲೂ ವಾಟರ್ಲೂಗಿಂತ ಘೋರವಾಗಿತ್ತಾ?

ಕೆರೆಏರಿ_ಹುಡ್ಗ

ಎಲ್ರಿಗೂ ನಮಸ್ಕಾರ, ಇಲ್ಲಿ ಇತಿಹಾಸ ಓದ್ಕೊಂಡಿರೋರು ಸುಮಾರು ಜನ ಇದೀರ ಅಂತ ಕೇಳ್ತಿದೀನಿ, ಪ್ರಶ್ನೆ ಪೆದ್ದುಪೆದ್ದಾಗಿದ್ರೆ ಬೈಬೇಡಿ. ಹಲಸೂರು ಕೆರೆ ಹತ್ರ ಅಸ್ಸಾಯೆ ರೋಡ್ ಅಂತ ಒಂದಿದೆ, ಏಳೆಂಟು ವರ್ಷದಿಂದ ಅಲ್ಲೇ ಗಾಡಿ ಓಡಿಸ್ತಿದೀನಿ, ಯಾರೋ ಇಂಗ್ಲಿಷ್ ದೊರೆಸಾನಿ ಹೆಸರಿರ್ಬೇಕು ಅಂದ್ಕೊಂಡಿದ್ದೆ. ಮೊನ್ನೆ ರಾತ್ರಿ ನಿದ್ದೆ ಬರ್ದೆ ನೆಪೋಲಿಯನ್ ಬಗ್ಗೆ ಓದ್ತಾ ಕೂತಿದ್ದೆ, ಅದ್ರಲ್ಲಿ ಏನು ಬಂತು ಅಂದ್ರೆ ವಾಟರ್ಲೂನಲ್ಲಿ ನೆಪೋಲಿಯನ್‌ನ ಸೋಲಿಸಿದ ವೆಲ್ಲಿಂಗ್ಟನ್‌ಗೆ ವಯಸ್ಸಾದ್ಮೇಲೆ ಯಾರೋ ಕೇಳಿದ್ರಂತೆ, ನೀವು ಮಾಡಿದ ಯುದ್ಧಗಳಲ್ಲೆಲ್ಲ ನಿಮಗೆ ಚೆನ್ನಾಗಿ ಮಾಡಿದೆ ಅನ್ಸಿದ್ದು ಯಾವ್ದು ಅಂತ, ಅವ್ನು ವಾಟರ್ಲೂ ಅನ್ಲಿಲ್ವಂತೆ, "ಅಸ್ಸಾಯೆ" ಅಂತ ಒಂದೇ ಮಾತು ಹೇಳಿ ಸುಮ್ನಾಗ್ಬಿಟ್ನಂತೆ. ನಂಗೆ ತಲೆ ಗಿರ್ ಅಂತು, ಇದು ನಮ್ ರೋಡಿನ ಹೆಸರಲ್ವಾ ಅಂತ.

ನನ್ ಡೌಟ್ ಏನಂದ್ರೆ ಇದು ನೆಪೋಲಿಯನ್ ಕಾಲದ ಯುದ್ಧಾನೇನಾ, ಅಷ್ಟು ರಕ್ತ ಹರೀತಾ, ಮತ್ತೆ ಅಲ್ಲೆಲ್ಲೋ ಮರಾಠಿ ಸೀಮೇಲಿ ನಡೆದ ಯುದ್ಧಕ್ಕೆ ಬೆಂಗಳೂರಲ್ಲಿ ರಸ್ತೆ ಯಾಕೆ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ. ನಂದು ಬಿಕಾಂ, ಇತಿಹಾಸ ಹತ್ತನೇ ಕ್ಲಾಸಿಗೇ ಮುಗೀತು.

ಹಳೇನಕಾಶೆ

ಪೆದ್ದು ಪ್ರಶ್ನೆ ಏನಲ್ಲ ಬಿಡಿ, ಆ ರೋಡಲ್ಲಿ ಓಡಾಡೋ ನೂರಕ್ಕೆ ತೊಂಬತ್ತೊಂಬತ್ತು ಜನಕ್ಕೆ ಗೊತ್ತಿಲ್ಲ. ಅಸ್ಸಾಯೆ ಅನ್ನೋದು ಒಂದು ಹಳ್ಳಿ, ಈಗಿನ ಮಹಾರಾಷ್ಟ್ರದ ಜಾಲ್ನಾ ಜಿಲ್ಲೇಲಿ ಭೋಕರ್ದನ್ ಕಡೆ ಬರುತ್ತೆ, ಅಲ್ಲಿಯವ್ರು ಅಸಈ ಅಂತಾರೆ, ಇಂಗ್ಲಿಷರ ಬಾಯಲ್ಲಿ ಅಸ್ಸಾಯೆ ಆಯ್ತು. ಯುದ್ಧ ನಡೆದಿದ್ದು 1803ರ ಸೆಪ್ಟೆಂಬರ್ 23. ಆಗಿನ್ನೂ ವೆಲ್ಲಿಂಗ್ಟನ್ ಅನ್ನೋ ಬಿರುದಿರ್ಲಿಲ್ಲ, ಬರೀ ಆರ್ಥರ್ ವೆಲ್ಲೆಸ್ಲಿ, ಮೂವತ್ನಾಲ್ಕು ವರ್ಷದ ಮೇಜರ್ ಜನರಲ್, ಅಣ್ಣ ರಿಚರ್ಡ್ ವೆಲ್ಲೆಸ್ಲಿ ಕಲ್ಕತ್ತಾದಲ್ಲಿ ಗವರ್ನರ್ ಜನರಲ್. (ನೆಪೋಲಿಯನ್ನೂ ಇವ್ನೂ ಒಂದೇ ವರ್ಷ, 1769ರಲ್ಲಿ ಹುಟ್ಟಿದವ್ರು.) 1799ರಲ್ಲಿ ಶ್ರೀರಂಗಪಟ್ಟಣ ಬಿದ್ಮೇಲೆ ಅಲ್ಲಿನ ಉಸ್ತುವಾರಿ ಇವ್ನ ಕೈಲೇ ಇತ್ತು, ಅಂದ್ರೆ ಅಸ್ಸಾಯೆಗೆ ಇವ್ನು ಹೋಗಿದ್ದು ನಮ್ಮ ಮೈಸೂರು ಸೀಮೆಯಿಂದಾನೇ.

ನೆಪೋಲಿಯನ್ ಕಾಲಾನಾ ಅಂದ್ರೆ ಹೌದು. 1803ರ ಮೇನಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಮತ್ತೆ ಯುದ್ಧ ಶುರುವಾಯ್ತು. ಇಲ್ಲಿ ನೋಡಿದ್ರೆ ಮರಾಠ ದೊರೆಗಳಲ್ಲೊಬ್ಬನಾದ ದೌಲತ್ ರಾವ್ ಸಿಂಧ್ಯಾನ ಪಟಾಲಂಗಳಿಗೆ ಡ್ರಿಲ್ ಕಲಿಸಿದ್ದೋರು ಡಿ ಬಾಯ್ನ್, ಪೆರಾನ್ ಅಂತ ಯೂರೋಪಿನ ಸರದಾರರು. ಈಸ್ಟ್ ಇಂಡಿಯಾ ಕಂಪನಿಯವ್ರಿಗೆ ಫ್ರೆಂಚರು ಮರಾಠರ ಹೆಗಲ ಮೇಲೆ ಕೂತು ಮತ್ತೆ ಬರ್ತಾರೆ ಅನ್ನೋ ಭಯ, ಅರ್ಧ ನಿಜವಾದ ಭಯ ಅರ್ಧ ನೆಪ ಅಂತ ನನ್ ಅನಿಸಿಕೆ. ಅದ್ರ ಜೊತೆ ಮರಾಠರ ಪೇಶ್ವೆ ಎರಡನೇ ಬಾಜಿರಾಯ ಇನ್ನೊಬ್ಬ ಮರಾಠ ದೊರೆ ಹೋಳ್ಕರನ ಕೈಲಿ ಪುಣೇಲಿ ಒದೆ ತಿಂದು ಓಡಿಹೋಗಿ 1802ರ ಡಿಸೆಂಬರ್ 31ಕ್ಕೆ ಬಸ್ಸೀನ್‌ನಲ್ಲಿ ಕಂಪನಿ ಜೊತೆ ಒಪ್ಪಂದಕ್ಕೆ ಸಹಿ ಹಾಕ್ಬಿಟ್ಟ, ಸಿಂಧ್ಯಾಗೂ ನಾಗಪುರದ ರಘೂಜಿ ಭೋಂಸ್ಲೆಗೂ ಅದು ಗಂಟಲಲ್ಲಿ ಇಳೀಲಿಲ್ಲ. ಅಲ್ಲಿಂದ ಯುದ್ಧ.

ಈಗ ಆ ದಿನಕ್ಕೆ ಬರೋಣ. ವೆಲ್ಲೆಸ್ಲಿ ಮತ್ತೆ ಕರ್ನಲ್ ಸ್ಟೀವನ್ಸನ್ ಇಬ್ರೂ ಬೇರೆ ಬೇರೆ ದಾರಿ ಹಿಡಿದು 24ಕ್ಕೆ ಒಟ್ಟಿಗೆ ಮೇಲೆ ಬೀಳೋದು ಅಂತ ಪ್ಲಾನ್. 23ರ ಬೆಳಗ್ಗೆ ವೆಲ್ಲೆಸ್ಲಿ ದಂಡು ನಡೆದು ನಡೆದು ಸುಸ್ತಾಗಿ ಇನ್ನೇನು ಡೇರೆ ಹಾಕ್ಬೇಕು, ಆಗ ಹರಿಕಾರರು ಬಂದು ಶತ್ರು ಆರೇ ಮೈಲಿ ದೂರದಲ್ಲಿದಾರೆ, ಈಗ್ಲೋ ಆಗ್ಲೋ ಹೊರಟುಬಿಡ್ತಾರೆ ಅಂದ್ರು. ಇವ್ನು ಸ್ಟೀವನ್ಸನ್‌ಗೆ ಕಾಯ್ಲಿಲ್ಲ. ಇವ್ನ ಹತ್ರ ಹೊಡೆದಾಡೋ ಪಳಗಿದ ಸೈನಿಕರು ಹೆಚ್ಚೂಕಮ್ಮಿ 4,500, ಅದ್ರ ಜೊತೆ ಮೈಸೂರಿನ ಮತ್ತೆ ಪೇಶ್ವೆ ಕಡೆಯ ಕುದುರೆ ಸವಾರರು ಒಂದೈದು ಸಾವಿರ. ಆಚೆ ಕಡೆ ಡ್ರಿಲ್ ಕಲಿತ ಪದಾತಿನೇ ಹತ್ತು ಸಾವಿರದ ಮೇಲೆ, ಕುದುರೆ ಮೂವತ್ತು ಸಾವಿರಕ್ಕೂ ಹೆಚ್ಚು, ತೋಪು ನೂರರ ಹತ್ರ. ಪದಾತಿಗೆ ಯಜಮಾನ ಪೋಲ್‌ಮನ್ ಅಂತ ಹ್ಯಾನೋವರ್ ಕಡೆಯವ್ನು, ಹಿಂದೆ ಕಂಪನಿ ಸೈನ್ಯದಲ್ಲೇ ಸಾರ್ಜೆಂಟ್ ಆಗಿದ್ದ ಆಸಾಮಿ.

ಮಧ್ಯ ಕೇಲ್ನಾ ಹೊಳೆ, ಇಂಗ್ಲಿಷರು ಕೈಟ್ನಾ ಅಂತ ಬರೀತಾರೆ. ದಾಟೋಕೆ ಬೇರೆ ಜಾಗಾನೇ ಇಲ್ಲ ಅಂತ ದಾರಿ ತೋರಿಸೋರು ಕೈ ಆಡಿಸ್ಬಿಟ್ರು. ವೆಲ್ಲೆಸ್ಲಿ ದುರ್ಬೀನು ಹಾಕಿ ನೋಡ್ತಾನೆ, ಹೊಳೆ ಈ ದಡದಲ್ಲೊಂದು ಹಳ್ಳಿ, ಎದುರು ದಡದಲ್ಲಿ ಇನ್ನೊಂದು ಹಳ್ಳಿ, ಪೀಪಳಗಾಂವ್ ಮತ್ತೆ ವರೂರ್. ಎರಡು ಊರು ಇಷ್ಟು ಎದುರುಬದುರು ಇದ್ಮೇಲೆ ಜನ ಆಚೆ ಈಚೆ ಓಡಾಡ್ದೆ ಇರ್ತಾರಾ, ದಾಟೋ ಜಾಗ ಇದ್ದೇ ಇರುತ್ತೆ ಅಂತ ಲೆಕ್ಕ ಹಾಕ್ದ. ಇತ್ತು. ಹೊಳೆ ಇಳೀತಿದ್ದಂಗೆ ಅವ್ನ ಪಕ್ಕದಲ್ಲಿದ್ದ ಆರ್ಡರ್ಲಿ ಸವಾರನ ತಲೆ ತೋಪಿನ ಗುಂಡಿಗೆ ಹಾರಿಹೋಯ್ತು, ದೇಹ ಜೀನಿನ ಮೇಲೇ ಕೂತಿತ್ತು, ಕುದುರೆ ಬೆದರಿ ಕುಣಿದ್ರೂ ಸುಮಾರು ಹೊತ್ತು ಬೀಳ್ಲಿಲ್ವಂತೆ.

ದಾಟಿದ್ಮೇಲೆ ಇನ್ನೊಂದು ಶಾಕ್. ಪಕ್ಕದಿಂದ ನುಗ್ಗಿ ಮುರಿದುಬಿಡೋಣ ಅಂತ ಇವ್ನು ಬಂದ್ರೆ ಪೋಲ್‌ಮನ್ ತನ್ನ ಇಡೀ ಸಾಲನ್ನ ಬಾಗಿಲು ತಿರುಗಿಸ್ದಂಗೆ ತಿರುಗಿಸಿ ಎದುರಿಗೆ ನಿಲ್ಲಿಸ್ಬಿಟ್ಟ, ಅದೂ ತೋಪುಗಳ ಸಮೇತ. ಎಳೇ ಹುಡುಗರ ಸೈನ್ಯ ಅಲ್ಲ ಅದು. ಒಂದು ಕಡೆ ಕೇಲ್ನಾ, ಇನ್ನೊಂದು ಕಡೆ ಜುವಾ ಅನ್ನೋ ಚಿಕ್ಕ ಹೊಳೆ, ಅದ್ರ ದಡದಲ್ಲಿ ಮಣ್ಣುಗೋಡೆಯ ಅಸ್ಸಾಯೆ ಊರು, ಊರ ತುಂಬ ತೋಪು ಬಂದೂಕು. ಇಂಗ್ಲಿಷರ ತೋಪು ಎಳೀತಿದ್ದ ಎತ್ತುಗಳೆಲ್ಲ ಗುಂಡೇಟಿಗೆ ಸತ್ತು ಬಿದ್ವು, ತೋಪು ನಿಂತಲ್ಲೇ ನಿಂತ್ವು. ಇವ್ನು ತೋಪು ಬಿಟ್ಟಾಕಿ ಬಯೋನೆಟ್ ಹಿಡ್ಕೊಂಡು ನಡೀರಿ ಅಂದ. ಎಡಗಡೆ 78ನೇ ಹೈಲ್ಯಾಂಡರ್ಸ್ ಮತ್ತೆ ಮದ್ರಾಸ್ ಸಿಪಾಯಿಗಳು ಗುಂಡಿನ ಮಳೇಲೇ ನಡ್ಕೊಂಡು ಹೋಗಿ ತೋಪು ಹಿಡಿದ್ರು. ಬಲಗಡೆ ಎಡವಟ್ಟಾಯ್ತು. ಊರಿಂದ ದೂರ ಇರಿ ಅಂತ ಹೇಳಿದ್ರೂ ಆರಕ್ ಅನ್ನೋ ಕರ್ನಲ್ ಮುಂಚೂಣಿ ತುಕಡೀನ ಸೀದಾ ಅಸ್ಸಾಯೆ ಊರ ಬಾಯಿಗೇ ಕರ್ಕೊಂಡು ಹೋದ, ಹಿಂದೆ 74ನೇ ರೆಜಿಮೆಂಟ್ ಹೋಯ್ತು. ಐನೂರರ ಹತ್ರ ಜನ ಇದ್ದ ಆ ರೆಜಿಮೆಂಟಲ್ಲಿ ನಾನೂರು ಜನ ಸತ್ರು ಇಲ್ಲ ಗಾಯ ಆದ್ರು. ಉಳಿದೋರು ಸತ್ತೋರ ಹೆಣಗಳನ್ನೇ ಅಡ್ಡ ಪೇರಿಸ್ಕೊಂಡು ಅದ್ರ ಹಿಂದೆ ನಿಂತು ಕಾದಾಡಿದ್ರು. ಮ್ಯಾಕ್ಸ್‌ವೆಲ್ ಅನ್ನೋ ಕರ್ನಲ್ 19ನೇ ಡ್ರಾಗೂನ್ಸ್ ಅನ್ನೋ ಇಂಗ್ಲಿಷ್ ಕುದುರೆ ರೆಜಿಮೆಂಟ್ ಜೊತೆ ಮದ್ರಾಸ್ ಕುದುರೆ ದಂಡನ್ನ ನುಗ್ಗಿಸಿ ಅವ್ರನ್ನ ಉಳಿಸ್ದ, ಆಮೇಲಿನ ಇನ್ನೊಂದು ದಾಳೀಲಿ ತಾನೇ ಸತ್ತ.

ಲೆಕ್ಕ: ಕಂಪನಿ ಕಡೆ 428 ಸಾವು, 1,138 ಗಾಯ, 18 ಜನ ಪತ್ತೆ ಇಲ್ಲ. ಒಟ್ಟು 1,584. ಹೊಳೆ ದಾಟಿ ಹೊಡೆದಾಡಿದೋರಲ್ಲಿ ಮೂವರಲ್ಲಿ ಒಬ್ಬನಿಗಿಂತ ಜಾಸ್ತಿ. ಮರಾಠರ ಕಡೆ ಸತ್ತು ಗಾಯ ಆದೋರು ಆರು ಸಾವಿರ ಅಂತ ಅಂದಾಜು. ವಾಟರ್ಲೂನಲ್ಲಿ ವೆಲ್ಲಿಂಗ್ಟನ್ ಹತ್ರ ಇದ್ದಿದ್ದು 68,000 ಜನ, ಪೆಟ್ಟು ತಿಂದೋರು ನಾಲ್ವರಲ್ಲಿ ಒಬ್ಬ. ಒಟ್ಟು ತಲೆ ಎಣಿಸಿದ್ರೆ ವಾಟರ್ಲೂ ಎಷ್ಟೋ ಪಾಲು ದೊಡ್ಡದು, ಇದ್ದ ಜನರ ಲೆಕ್ಕದಲ್ಲಿ ಅಸ್ಸಾಯೆ. ಅವ್ನೇ ಆಮೇಲೆ ಹೇಳಿದ್ದೂ ಅದನ್ನೇ, ಜನರ ಸಂಖ್ಯೆ ಲೆಕ್ಕಕ್ಕೆ ತಗೊಂಡ್ರೆ ನಾನು ನೋಡಿದ್ದರಲ್ಲಿ ಇಷ್ಟು ರಕ್ತ ಹರಿದಿದ್ದು ಬೇರೆ ಇಲ್ಲ ಅಂತ.

ಉದ್ದ ಆಯ್ತು, ರಸ್ತೆ ವಿಷ್ಯ ಬೇರೆಯವ್ರು ಹೇಳ್ಲಿ.

ತೋಪುಖಾನೆ

ಚೆನ್ನಾಗಿ ಬರ್ದಿದೀರ ಸಾರ್, ಆದ್ರೆ ಒಂದು ಬಿಟ್ರಿ, ನನಗೆ ಯಾವಾಗ್ಲೂ ಕಾಡೋದೇ ಅದು. ಸಿಂಧ್ಯಾನ ಗೋಲಂದಾಜರು, ಅಂದ್ರೆ ತೋಪು ಹಾರಿಸೋರು. ಪದಾತಿ ಸಾಲು ಒಡೆದು ಹಿಂದಕ್ಕೆ ಹೋದ್ರೂ ಇವ್ರು ತೋಪು ಬಿಟ್ಟು ಓಡ್ಲಿಲ್ಲ, ಬಯೋನೆಟ್ ಎದೆಗೆ ಬರೋವರ್ಗೂ ಮದ್ದು ತುಂಬ್ತಾನೇ ಇದ್ರು. ಕೆಲವ್ರು ತೋಪಿನ ಗಾಲಿ ಕೆಳಗೆ ಸತ್ತೋರ ಥರ ಬಿದ್ಕೊಂಡು, ಇಂಗ್ಲಿಷ್ ಸಾಲು ಮೇಲೆ ಹಾಯ್ದು ಮುಂದೆ ಹೋದ್ಮೇಲೆ ಎದ್ದು ಅದೇ ತೋಪು ತಿರುಗಿಸಿ ಬೆನ್ನಿಗೆ ಹೊಡೆದ್ರು. ವೆಲ್ಲೆಸ್ಲಿ 78ನೇ ರೆಜಿಮೆಂಟು 7ನೇ ಮದ್ರಾಸ್ ಕುದುರೆ ದಂಡು ಕರ್ಕೊಂಡು ವಾಪಸ್ ಬಂದು ಅದೇ ತೋಪುಗಳನ್ನ ಎರಡನೇ ಸಲ ಗೆಲ್ಬೇಕಾಯ್ತು. ಅವ್ನ ಒಂದು ಕುದುರೆ ಗುಂಡಿಗೆ ಹೋಯ್ತು, ಡಯೋಮಿಡ್ ಅನ್ನೋ ಇನ್ನೊಂದು ಕುದುರೆಗೆ ಈಟಿ ಏಟು ಬಿದ್ದಿದ್ದು ಈ ಗಲಾಟೇಲೇ.

ಇದನ್ನ ಇಂಗ್ಲಿಷರ ಪುಸ್ತಕದಲ್ಲಿ ಮೋಸ ಅನ್ನೋ ಧಾಟೀಲಿ ಬರೀತಾರೆ, ನಂಗೆ ಅದೇ ಸಿಟ್ಟು. ಅವ್ರ ಸರದಾರರು, ಸಿಂಧ್ಯಾ ಭೋಂಸ್ಲೆ ಇಬ್ರೂ, ಕುದುರೆ ಹತ್ತಿ ಮುಂಚೇನೇ ಜಾಗ ಖಾಲಿ ಮಾಡಿದ್ರು, ಮೂವತ್ತು ಸಾವಿರ ಕುದುರೆ ಸವಾರರು ಹೆಚ್ಚಿನಂಶ ಸುಮ್ನೆ ನೋಡ್ತಾ ನಿಂತಿದ್ರು. ಯುದ್ಧಕ್ಕೆ ಮುಂಚೆನೇ ಗವರ್ನರ್ ಜನರಲ್ ಒಂದು ಜಾಹೀರಾತು ಹೊರಡಿಸಿದ್ದ, ಸಿಂಧ್ಯಾ ನೌಕರಿ ಬಿಟ್ಟು ಬರೋ ಯೂರೋಪಿಯನ್ ಆಫೀಸರಿಗೆ ಸಂಬಳ ನಾವು ಕೊಡ್ತೀವಿ ಅಂತ, ಸುಮಾರು ಜನ ಸಾಹೇಬ್ರು ಗಂಟುಮೂಟೆ ಕಟ್ಕೊಂಡು ಹೊರಟೇ ಹೋದ್ರು. ಅಂದ್ರೆ ಡ್ರಿಲ್ ಹೇಳ್ಕೊಟ್ಟೋನೇ ಹೋದ, ಉಳಿದಿದ್ದು ಹೆಸರೇ ಬರೆದಿಡದ ಇಲ್ಲಿಯ ಜನ. ಅವ್ರು ಕೊನೇವರ್ಗೂ ನಿಂತ್ರು. ಹಿಡಿದ ತೋಪು 98, ಆಗ್ರಾ ಕಡೆ ಎರಕ ಹೊಯ್ದ ಒಳ್ಳೇ ಮಾಲು, ವೆಲ್ಲೆಸ್ಲಿನೇ ಮೆಚ್ಕೊಂಡಿದ್ದ.

ಇನ್ನು ಆ ಎರಡು ಹಳ್ಳಿ ಲೆಕ್ಕ. ಎಲ್ರೂ ಅದನ್ನ ಮಹಾ ಬುದ್ಧಿವಂತಿಕೆ ಅಂತಾರೆ, ಗುರು ಅಲ್ಲಿ ನೀರು ಆಳ ಇದ್ದಿದ್ರೆ ವೆಲ್ಲಿಂಗ್ಟನ್ ಅನ್ನೋ ಹೆಸರೇ ನಮಗೆ ಗೊತ್ತಿರ್ತಿರ್ಲಿಲ್ಲ, ಅದು ಜೂಜು.

ಅಜ್ಜಂಪುರದವ್ನು

ಜೂಜು ಅಂತೀರ, ಸರಿ, ಆದ್ರೆ ಜೂಜಾಡೋಕೆ ಅಲ್ಲೀವರ್ಗೆ ಹೋಗ್ಬೇಕಲ್ಲ ಅಣ್ಣ. ಅವನು ಅಲ್ಲಿಗೆ ಹೋಗಿದ್ದು ನಮ್ಮೂರ ಎತ್ತಿನ ಮೇಲೆ. ನಗಬೇಡಿ, ಸೀರಿಯಸ್ಸಾಗೇ ಹೇಳ್ತಿದೀನಿ.

ಅಮೃತಮಹಲ್ ಅಂತ ಕೇಳಿದೀರಲ್ಲ, ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪು ಅದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟ, ಈಗ್ಲೂ ನಮ್ಮ ಅಜ್ಜಂಪುರದಲ್ಲಿ ಆ ತಳಿ ಸಾಕೋ ಸರ್ಕಾರಿ ಫಾರಂ ಇದೆ. ಕೊಂಬು ನೆಟ್ಟಗೆ ಹಿಂದಕ್ಕೆ ಹೋಗಿ ತುದಿ ಚೂಪು, ಮೈ ಸಣ್ಣ, ನಡೀತಾ ಇದ್ರೆ ನಡೀತಾನೇ ಇರುತ್ತೆ, ನಮ್ಮಜ್ಜ ಅದನ್ನ ಎತ್ತು ಅಂತಿರ್ಲಿಲ್ಲ, ಕುದುರೆ ಅಂತಿದ್ರು. ಹೈದರ್ ಟಿಪ್ಪು ಅಷ್ಟು ಬೇಗ ದಂಡು ಓಡಿಸ್ತಿದ್ದಿದ್ದು ಇವುಗಳ ಮೇಲೇನೇ. 1799ರ ನಂತರ ಅವೆಲ್ಲ ಇಂಗ್ಲಿಷರ ಕೈಗೆ ಬಂದ್ವು. ವೆಲ್ಲೆಸ್ಲಿ 1800ರಲ್ಲಿ ಧೋಂಡಿಯ ವಾಘನ್ನ (ನಮ್ಮ ಚನ್ನಗಿರಿಯವ್ನು ಆತ) ಬೆನ್ನತ್ತಿ ತುಂಗಭದ್ರೆ ಕೃಷ್ಣೆ ಬಯಲೆಲ್ಲ ಅಲೆದಾಗ್ಲೇ ಕಲ್ತಿದ್ದು, ಈ ದೇಶದಲ್ಲಿ ಅಕ್ಕಿ ಮತ್ತೆ ಎತ್ತು ಇದ್ರೆ ಸೈನಿಕರು ಇರ್ತಾರೆ, ಇಲ್ಲಾಂದ್ರೆ ಇಲ್ಲ ಅಂತ. 1803ರ ಮಾರ್ಚಲ್ಲಿ ಹರಿಹರದಿಂದ ಹೊರಟು ಏಪ್ರಿಲ್ 20ಕ್ಕೆ ಪುಣೆ ತಲುಪಿದ. ದಾರೀಲಿ ಧಾನ್ಯ ಹೊತ್ತು ಮಾರ್ತಾ ಬಂದೋರು ಲಂಬಾಣಿಗಳು, ಸಾವಿರಾರು ಎತ್ತಿನ ಹಿಂಡು ಹೊಡ್ಕೊಂಡು. ಮೈಸೂರಿಂದ ಸಾಮಾನು ಸರಂಜಾಮು ಕಳಿಸ್ತಿದ್ದೋರು ದಿವಾನ್ ಪೂರ್ಣಯ್ಯನವರು. ಮೈಸೂರು ಕುದುರೆ ದಂಡಿನ ಮುಖ್ಯಸ್ಥ ಇಂಗ್ಲಿಷ್ ಕಾಗದಗಳಲ್ಲಿ ಬಿಸ್ನಪ್ಪ ಪಂಡಿತ ಅಂತ ಬರ್ತಾರೆ. ಆ ಸವಾರರು ಅಸ್ಸಾಯೆ ದಿನ ಹೊಳೆ ಈಚೆ ದಡದಲ್ಲೇ ನಿಂತು ಮರಾಠರ ಕುದುರೆ ದಂಡು ದಾಟದೇ ಇರೋ ಹಾಗೆ ತಡೆದ್ರು, ಇದನ್ನ ಯಾರೂ ಎಲ್ಲೂ ಜಾಸ್ತಿ ಹೇಳಲ್ಲ.

ಆಮೇಲೆ ಸ್ಪೇನು ಪೋರ್ಚುಗಲ್ಲಿನಲ್ಲಿ ನೆಪೋಲಿಯನ್ ಸೈನ್ಯದ ಮೇಲೆ ಯುದ್ಧ ಮಾಡ್ವಾಗ ಅಲ್ಲಿನ ಎತ್ತಿನಗಾಡಿ ನೋಡಿ ಮೈಸೂರಿನ ಎತ್ತುಗಳಿದ್ದಿದ್ರೆ ಅಂತ ಕೊರಗ್ತಿದ್ನಂತೆ.

ಕೆರೆಏರಿ_ಹುಡ್ಗ

ಅಯ್ಯೋ ಒಂದು ಬೋರ್ಡ್ ಬಗ್ಗೆ ಕೇಳಿದ್ರೆ ಇಷ್ಟೆಲ್ಲ ಬಂತು, ಎಲ್ರಿಗೂ ಥ್ಯಾಂಕ್ಸ್, ಎರಡೆರಡು ಸಲ ಓದ್ದೆ. ಒಂದು ಅರ್ಥ ಆಗ್ಲಿಲ್ಲ, ಸ್ಟೀವನ್ಸನ್ ಮಾರನೇ ದಿನ ಬರೋನಿದ್ದ ಅಂದ್ರಲ್ಲ, ಒಂದು ದಿನ ಕಾದಿದ್ರೆ ಅಷ್ಟು ಜನ ಸಾಯ್ತಿರ್ಲಿಲ್ಲ ಅಲ್ವಾ? ಅವ್ನಿಗೆ ಯಾರೂ ಕೇಳ್ಲಿಲ್ವಾ ಇದನ್ನ?

ಹಳೇನಕಾಶೆ

ಕೇಳಿದ್ರು, ಮತ್ತೆ ಕೇಳಿದೋರು ಯಾರು ಅಂದ್ರೆ ಥಾಮಸ್ ಮನ್ರೋ. ನಮ್ಮ ಬಳ್ಳಾರಿ ಸೀಮೆ ಎಲ್ಲ ಆಗ ಅವ್ನ ಆಡಳಿತದಲ್ಲಿತ್ತು, ಇಬ್ರೂ ಪರಿಚಯದೋರು. ಯುದ್ಧ ಆಗಿ ಮೂರು ವಾರಕ್ಕೆ ಕಾಗದ ಬರ್ದ, ಹೊಗಳ್ತಾ ಹೊಗಳ್ತಾನೇ ಚುಚ್ಚಿದಾನೆ, ಕೀರ್ತೀನ ಆದಷ್ಟು ಕಮ್ಮಿ ಜನರ ಜೊತೆ ಹಂಚ್ಕೋಬೇಕು ಅಂತ ಹಿಂಗೆ ಮಾಡಿದ್ರೇನೋ ಅನ್ಸುತ್ತೆ ಅಂತ. ವೆಲ್ಲೆಸ್ಲಿ ನವೆಂಬರ್ 1ಕ್ಕೆ ಉದ್ದನೇ ಉತ್ತರ ಬರ್ದ: ಎರಡು ದಂಡೂ ಒಂದೇ ದಾರೀಲಿ ಹೋಗೋಕೆ ಗುಡ್ಡದ ಕಣಿವೆ ಬಿಡ್ತಿರ್ಲಿಲ್ಲ, ಹೋಗಿದ್ರೆ ಇನ್ನೊಂದು ದಾರೀಲಿ ಅವ್ರು ದಕ್ಷಿಣಕ್ಕೆ ಜಾರ್ಕೊಂಡು ಬಿಡ್ತಿದ್ರು, ಅಷ್ಟು ಹತ್ರ ಹೋದ್ಮೇಲೆ ಹಿಂದಕ್ಕೆ ಬಂದ್ರೆ ಅವ್ರ ಕುದುರೆ ದಂಡು ನನ್ನ ಸಾಮಾನಿನ ಮೇಲೆ ಬೀಳ್ತಿತ್ತು ಅಂತ. ಮೊದಲನೇದು ಒಪ್ಪೋ ಮಾತು. ಆದ್ರೆ ಕಾಯೋಕೆ ಒಪ್ಪದ ಹಠ ಅನ್ನೋದೂ ಒಂದಿರುತ್ತಲ್ಲ, ಅದು ಇವ್ನಿಗೆ ಇತ್ತು ಅಂತ ನಂಗನ್ಸುತ್ತೆ, ಮುಂದಿನ ಜೀವನದಲ್ಲಿ ಇಷ್ಟು ಆತುರಕ್ಕೆ ಬಿದ್ದಿದ್ದು ಕಮ್ಮಿ.

ಅದೇ ಕಾಗದದಲ್ಲಿ ಆರಕ್ ಬಗ್ಗೆ ಬರ್ದಿದ್ದು ನಂಗಿಷ್ಟ. ಅವ್ನ ತಪ್ಪಿನಿಂದ ಆದ ನಷ್ಟಕ್ಕೆ ಮರುಗ್ತೀನಿ, ಆದ್ರೆ ಅಂಥಾ ಬೆಂಕಿಯೊಳಗೆ ಅವ್ನಿಗಿಂತ ಮುಂದೆ ನಿಂತು ಜನರನ್ನ ಕರ್ಕೊಂಡು ಹೋಗೋಕೆ ಯಾರಿಗೂ ಆಗ್ತಿರ್ಲಿಲ್ಲ ಅಂತಾನೆ. ಸ್ಟೀವನ್ಸನ್‌ಗೆ ಬರ್ದ ಕಾಗದದಲ್ಲಿ ಇನ್ನೂ ನೇರ: ಇಂಥಾ ಲಾಭ ಸಿಕ್ಕಿದ್ರೂ ಸರಿ, 23ನೇ ತಾರೀಕು ಆದಂಥ ನಷ್ಟ ಮತ್ತೊಮ್ಮೆ ನೋಡೋಕೆ ಇಷ್ಟ ಇಲ್ಲ.

@ತೋಪುಖಾನೆ, ಗೋಲಂದಾಜರ ವಿಷ್ಯ ನೂರಕ್ಕೆ ನೂರು ಒಪ್ತೀನಿ, ನಾನೇ ಹೇಳ್ಬೇಕಿತ್ತು. ಸ್ಟೀವನ್ಸನ್ ಬಂದು ಸೇರಿದ್ದು 24ರ ಸಂಜೆ. ಗಾಯಾಳುಗಳು ಅಷ್ಟಿದ್ರಲ್ಲ, ಅವ್ರನ್ನ ಅಜಂತಾ ಕೋಟೇಲಿ ಆಸ್ಪತ್ರೆ ಮಾಡಿ ಇರಿಸಿದ್ರು. ಯುದ್ಧಾನೂ ಅಲ್ಲಿಗೆ ಮುಗೀಲಿಲ್ಲ, ನವೆಂಬರ್ 29ಕ್ಕೆ ಅರಗಾಂವ್, ಡಿಸೆಂಬರ್ 15ಕ್ಕೆ ಗವಿಲ್‌ಗಢ ಕೋಟೆ, ಆಮೇಲೆ ಡಿಸೆಂಬರಲ್ಲೇ ಭೋಂಸ್ಲೆನೂ ಸಿಂಧ್ಯಾನೂ ಒಬ್ಬರ ಹಿಂದೆ ಒಬ್ರು ಒಪ್ಪಂದಕ್ಕೆ ಬಂದ್ರು.

ಪಟಾಲಂ_ಮನೆಯವಳು

ತಡವಾಗಿ ನೋಡ್ದೆ. ರೋಡ್ ಹೆಸರಿನ ವಿಷ್ಯ ಯಾರೂ ಮುಗಿಸಿಲ್ಲ, ನಾನು ಹೇಳ್ತೀನಿ, ನಮ್ಮ ತಂದೆ ಮಿಲಿಟರೀಲಿದ್ದೋರು, ನಾನು ಬೆಳೆದಿದ್ದೇ ಆ ಕಡೆ. 1809ರಲ್ಲಿ ಇಂಗ್ಲಿಷರು ದಂಡನ್ನ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಎತ್ಕೊಂಡು ಬಂದ್ರು, ಹಲಸೂರು ಸುತ್ತಮುತ್ತ ಎಲ್ಲ ದಂಡು ಪ್ರದೇಶ ಆಯ್ತು, ಅಲ್ಲಿದ್ದೋರೆಲ್ಲ ಮದ್ರಾಸ್ ಸೈನ್ಯದೋರು. ಅಸ್ಸಾಯೆಯಲ್ಲಿ ಹೊಡೆದಾಡಿದ ಸಿಪಾಯಿಗಳೂ ಅದೇ ಸೈನ್ಯದೋರು, ಅವ್ರ ಗೆಲುವಿನ ಹೆಸರು ಅವ್ರ ರಸ್ತೆಗಿಟ್ರು. ಅದೇ ಕೆರೆ ಪಕ್ಕ ಮೀನೀ ಅವೆನ್ಯೂ ಅಂತ ಇದ್ಯಲ್ಲ, ಅದು ಮೀನು ಹಿಡಿಯೋ ಮೀನಲ್ಲ, ಮಿಯಾನಿ ಅಂತ ಸಿಂಧ್ ಪ್ರಾಂತ್ಯದಲ್ಲಿ 1843ರಲ್ಲಿ ಆದ ಯುದ್ಧ. ಚಿಕ್ಕೋಳಿದ್ದಾಗ ಕೆರೇಲಿ ಮೀನಿರೋದಕ್ಕೇ ಆ ಹೆಸರು ಅಂದ್ಕೊಂಡಿದ್ದೆ ನಾನು.

ಅಸ್ಸಾಯೆಯಲ್ಲಿದ್ದ ಪಟಾಲಂಗಳಿಗೆ ಆನೆ ಚಿತ್ರ ಹಾಕ್ಕೊಳೋ ಗೌರವ ಕೊಟ್ರು. ಈಗಿನ ಮದ್ರಾಸ್ ರೆಜಿಮೆಂಟಿನ ಬ್ಯಾಡ್ಜಲ್ಲಿ ಇರೋ ಆನೆ ಅದೇ, ಅಸ್ಸಾಯೆ ಆನೆ ಅಂತಾರೆ. ಆ ರೆಜಿಮೆಂಟಿನ ಕೇಂದ್ರ ಇರೋ ಊರು ನೀಲಗಿರೀಲಿರೋ ವೆಲ್ಲಿಂಗ್ಟನ್. ತಮಾಷೆ ನೋಡಿ.

ಇನ್ನೊಂದು ಹೇಳಿ ಮುಗಿಸ್ತೀನಿ. ಬೆಳಗಿಂದ ಇಪ್ಪತ್ತು ಮೈಲಿ ಮೇಲೆ ನಡೆದು, ಮೂರು ಗಂಟೆ ಕಾದಾಡಿ, ಆ ರಾತ್ರಿ ಸಿಪಾಯಿಗಳೆಲ್ಲ ಹೆಣಗಳ ಮಧ್ಯೆನೇ ಮಲಗಿದ್ರು. ವೆಲ್ಲೆಸ್ಲಿ ಒಂದು ರೈತನ ಅಂಗಳದಲ್ಲಿ ಹುಲ್ಲಿನ ಮೇಲೆ ಮಲಗಿದ್ದ, ಪಕ್ಕದಲ್ಲಿ ಕಾಲು ಕಳ್ಕೊಂಡ ಆಫೀಸರೊಬ್ಬ. ಅವ್ನ ಮುಂದಿನ ಮಾತು ಕೇಳಿದೋರು ಬರ್ದಿಟ್ಟಿದಾರೆ, ಎಚ್ಚರ ಆದಾಗೆಲ್ಲ ನನ್ನ ಸ್ನೇಹಿತರೆಲ್ಲ ಸತ್ತುಹೋದ್ರು ಅನ್ನೋದೊಂದೇ ತಲೇಲಿ ಇತ್ತು ಅಂತ.

ಅಜ್ಜಂಪುರದವ್ನು

ಅಕ್ಕ, ಮೀನೀ ಅವೆನ್ಯೂ ವಿಷ್ಯ ನಂಗೂ ಗೊತ್ತಿರ್ಲಿಲ್ಲ. ಕೆರೆಏರಿ ಅವ್ರೆ, ಮುಂದಿನ ಡೌಟ್ ರೆಡಿ ಇದ್ಯಲ್ಲ, ಹೊಸ ಥ್ರೆಡ್ ಹಾಕಿ.